ಕಾನೂನಿನ ಎರಡು ಕೊಳಗ

ಹೋದ ವಾರ ಸಾಗರದ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುತ್ತಿದ್ದ ಹಮಾಲರೊಬ್ಬರ ಹೆಂಡತಿ ನಮ್ಮ ಕಚೇರಿಗೆ ಬಂದಿದ್ದರು. ಗಂಡನಿಗೆ ಬಾಯಿಯ ಕ್ಯಾನ್ಸರ್. ಬೆಂಗಳೂರಿಗೆ ಕರೆದುಕೊಂಡು ಹೋಗಿ ಕರೆಂಟು ಕೊಡಿಸಿದ್ದಾಯಿತು, ಕೈಯಲ್ಲಿದ್ದ ಎರಡು ಬಳೆ ಮಾರಿದ್ದಾಯಿತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದಾರೆ. ಮನೆಯಲ್ಲಿ ನೋಡಿಕೊಳ್ಳುವುದೆಂದರೆ ರಾತ್ರಿಯಿಡೀ ಗಂಡ ನರಳುವುದನ್ನು ಕೇಳುತ್ತಾ ಕೂರುವುದು. ಆ ತಾಯಿ ಕೇಳಿದ್ದು ಇಷ್ಟೇ: "ಅಣ್ಣಾ, ಗಾಂಜಾ ಎಣ್ಣೆ ಕೊಟ್ಟರೆ ನೋವು ನಿಲ್ಲುತ್ತಂತೆ, ಗಡ್ಡೆನೂ ಕರಗುತ್ತಂತೆ. ತರಿಸಿದರೆ ಜೈಲಂತೆ. ಯಾವುದು ನಿಜ?"

ಈ ಪ್ರಶ್ನೆ ಅವರೊಬ್ಬರದಲ್ಲ. ಎಲೆ, ಅಡಿಕೆ, ಹೊಗೆಸೊಪ್ಪು ಅಗಿಯುವ ಸೀಮೆ ನಮ್ಮದು. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಇಂಥ ರೋಗಿಯನ್ನು ಕಾಣದ ಕೇರಿ ಕಡಿಮೆ. ಉತ್ತರ ಹೇಳಬೇಕಾದವರು ಆರೋಗ್ಯ ಇಲಾಖೆಯವರು. ಆದರೆ ಗಾಂಜಾದ ವಿಚಾರದಲ್ಲಿ ನಮ್ಮ ಜನರ ಜೊತೆ ಮಾತಾಡುವ ಇಲಾಖೆ ಒಂದೇ, ಅದು ಪೊಲೀಸು. ಆದ್ದರಿಂದ ತಿಳಿದಷ್ಟನ್ನು ನಾವು ಹೇಳುತ್ತೇವೆ.

ಮೊದಲು ಕಾನೂನು. 1985ರ ಮಾದಕ ದ್ರವ್ಯ ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಆ ಗಿಡದ ಹೂವು-ಕಾಯಿಯ ತುದಿ. ಅದರ ಅಂಟು ಚರಸ್. ಹೂವಿನ ತುದಿ ಸೇರದ ಬರಿಯ ಸೊಪ್ಪು, ಅಂದರೆ ನಮ್ಮ ಹಿರಿಯರು ಭಂಗಿ ಎನ್ನುತ್ತಿದ್ದುದು, ಈ ಕಾಯಿದೆಯ ಗಾಂಜಾ ಅಲ್ಲ. ನಮ್ಮ ಹೈಕೋರ್ಟು 2022ರಲ್ಲಿ ಜಾಮೀನು ಪ್ರಕರಣವೊಂದರಲ್ಲಿ ಇದೇ ಮಾತನ್ನು ಹೇಳಿತು. ಹಾಗೆಂದು ಸೊಪ್ಪು ಕಿತ್ತು ಮಾರಿಕೊಳ್ಳಬಹುದೆಂದು ಯಾರೂ ತಿಳಿಯಬಾರದು. ಸೊಪ್ಪು ರಾಜ್ಯದ ಅಬಕಾರಿ ಕಾನೂನಿನ ಕೆಳಗೆ ಬರುತ್ತದೆ. ಗಿಡ ಬೆಳೆಸಿದರಂತೂ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಬೆಳೆಸಿದ ಗಿಡ ಎರಡೋ ಇನ್ನೂರೋ ಎಂದು ಆ ಕಲಮು ಎಣಿಸುವುದಿಲ್ಲ. ಗಾಂಜಾ 1 ಕಿಲೋದೊಳಗೆ ಸಿಕ್ಕಿದರೂ ಒಂದು ವರ್ಷದವರೆಗೆ ಸಜೆ ಆಗಬಹುದು.

ಇನ್ನು ಇದೇ ಕಾನೂನಿನ ಮತ್ತೊಂದು ಮುಖ ನೋಡಿ. ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ ಭಂಗಿಯ ಹೆಸರಿದೆ. ಅಂದರೆ ವೈದ್ಯರ ನಿಗಾದಲ್ಲಿ ಕೊಡಬಹುದಾದ ಔಷಧಿ ಅದು. ಆಯುಷ್ ಪರವಾನಗಿ ಪಡೆದ ಕಂಪನಿಗಳು ಅದೇ ಸೊಪ್ಪಿನಿಂದ ಎಣ್ಣೆ ತೆಗೆದು, ಸಣ್ಣ ಸೀಸೆಯಲ್ಲಿ ತುಂಬಿ, ವೈದ್ಯರ ಚೀಟಿ ನೋಡಿ ಸಾವಿರಾರು ರೂಪಾಯಿಗೆ ಮಾರುತ್ತವೆ. ಮೊಬೈಲಿನಲ್ಲಿ ವೈದ್ಯರೊಡನೆ ಮಾತಾಡಿ, ಮೊಬೈಲಿನಲ್ಲೇ ಹಣ ಕಟ್ಟಿದರೆ ಸೀಸೆ ಮನೆ ಬಾಗಿಲಿಗೆ ಬರುತ್ತದೆ. ಶುಂಠಿ ಗದ್ದೆಯ ನಡುವೆ ನಾಲ್ಕು ಗಿಡ ಬೆಳೆಸಿದ ಬಡ ರೈತನ ಕೈಗೆ ಕೋಳ ಬರುತ್ತದೆ.

ಕಾಗೋಡಿನ ಗೇಣಿದಾರರು 1951ರಲ್ಲಿ ಎದ್ದು ನಿಂತದ್ದು ಯಾತಕ್ಕೆ? ಭತ್ತ ಅಳೆಯುವ ಕೊಳಗದ ತಕರಾರಿಗೆ. ಕೊಡುವಾಗ ಒಂದು ಕೊಳಗ, ಕೊಳ್ಳುವಾಗ ಒಂದು ಕೊಳಗ ಎಂಬ ಅನ್ಯಾಯವನ್ನು ಈ ಸೀಮೆಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಗಿಡವನ್ನು ಹಣವುಳ್ಳವನಿಗೆ ಔಷಧಿಯ ಕೊಳಗದಲ್ಲೂ, ಇಲ್ಲದವನಿಗೆ ಅಪರಾಧದ ಕೊಳಗದಲ್ಲೂ ಅಳೆಯುವ ಕಾನೂನಿಗೆ ನಾವು ಬೇರೆ ಯಾವ ಹೆಸರು ಕೊಡೋಣ?

ಆದರೆ ಆ ತಾಯಿಗೆ ಸುಳ್ಳು ಆಸೆ ಹುಟ್ಟಿಸುವುದೂ ದ್ರೋಹವೇ. ಗಾಂಜಾ ಎಣ್ಣೆಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬುದಕ್ಕೆ ಮನುಷ್ಯರ ಮೇಲೆ ನಡೆದ ಪರೀಕ್ಷೆಯ ಪುರಾವೆ ಇಲ್ಲ. ಹಾಗೆ ಹೇಳಿ ಮಾರುವವನು ರೋಗಿಯ ಮಿತ್ರನಲ್ಲ, ಅವನ ಮನೆಯ ಕೊನೆಯ ಕಾಸಿಗೆ ಕಣ್ಣು ಹಾಕಿದವನು. ಈ ಗಿಡದಲ್ಲಿ ಔಷಧಿ ಗುಣವೇ ಇಲ್ಲವೆಂದೂ ನಾವು ಹೇಳುವುದಿಲ್ಲ. 1839ರಷ್ಟು ಹಿಂದೆಯೇ ಕಲ್ಕತ್ತೆಯಲ್ಲಿ ಓಶಾಗ್ನೆಸಿ ಎಂಬ ವೈದ್ಯ ಅದನ್ನು ಸಂಧಿವಾತ, ಧನುರ್ವಾಯು, ಮಕ್ಕಳ ಸೆಳವುಗಳಿಗೆ ಕೊಟ್ಟು ನೋಡಿ ಬರೆದಿಟ್ಟ. ನಮ್ಮ ದೇಶ ಕಾಯಿದೆ ತಂದ ಅದೇ 1985ರಲ್ಲಿ ಅಮೆರಿಕ, ಗಾಂಜಾದ ಸತ್ವವನ್ನೇ ಕೃತಕವಾಗಿ ತಯಾರಿಸಿದ ಗುಳಿಗೆಯನ್ನು ಕ್ಯಾನ್ಸರ್ ರೋಗಿಗಳ ವಾಂತಿಗೆ ಔಷಧಿಯೆಂದು ಒಪ್ಪಿಕೊಂಡಿತು. 2018ರಲ್ಲಿ, ಮತ್ತು ಬರಿಸದ ಇನ್ನೊಂದು ಸತ್ವವನ್ನು ಮಕ್ಕಳ ಎರಡು ಬಗೆಯ ಕಠಿಣ ಮೂರ್ಛೆರೋಗಕ್ಕೆ ಒಪ್ಪಿತು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗ ಗಾಂಜಾವನ್ನು ಅತಿ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೆದಾಗ ಪರವಾಗಿ 27, ವಿರುದ್ಧವಾಗಿ 25 ಮತ ಬಿದ್ದವು. ಪರವಾಗಿ ಕೈಯೆತ್ತಿದವರಲ್ಲಿ ಭಾರತವೂ ಒಂದು. ಅಲ್ಲಿ ಕೈಯೆತ್ತಿದ ಸರ್ಕಾರ ಇಲ್ಲಿ ಏಕೆ ಕೈಕಟ್ಟಿ ಕೂತಿದೆ?

ಈಗ ಮುಖ್ಯ ಮಾತಿಗೆ ಬರುತ್ತೇವೆ. ನೋವು ತಿನ್ನುತ್ತಿರುವ ಆ ಹಮಾಲರಿಗೆ ಬೇಕಾದ ಔಷಧಿ ಗಾಂಜಾಕ್ಕಾಗಿ ಕಾಯಬೇಕಾಗಿಲ್ಲ. ಅದು ಈ ದೇಶದಲ್ಲೇ ಇದೆ, ಕಾನೂನು ಒಪ್ಪಿದೆ, ಬೆಲೆಯೂ ಕಡಿಮೆ. ಅದರ ಹೆಸರು ಮಾರ್ಫೀನ್. ಅಫೀಮಿನಿಂದ ತೆಗೆದ ಈ ಮಾತ್ರೆ 10 ಮಿಲಿಗ್ರಾಮಿನದು ಕೆಲವೇ ರೂಪಾಯಿಗೆ ಸಿಗಬೇಕಾದದ್ದು. ಕ್ಯಾನ್ಸರ್ ನೋವಿಗೆ ಮೊದಲು ಪ್ಯಾರಾಸಿಟಮಾಲ್, ತಡೆಯದಿದ್ದರೆ ಕೊಡೀನ್, ಅದೂ ಸಾಲದಿದ್ದರೆ ಮಾರ್ಫೀನ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಮೆಟ್ಟಿಲು ಕಟ್ಟಿಕೊಟ್ಟಿದೆ. ನಮ್ಮ ದೇಶ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ರೈತರು ಬೆಳೆದದ್ದು ನೀಮಚ್, ಘಾಜೀಪುರಗಳ ಸರ್ಕಾರಿ ಕಾರ್ಖಾನೆಗೆ ಹೋಗಿ, ಅಲ್ಲಿಂದ ಪರದೇಶಕ್ಕೂ ಹೋಗಿದೆ. ಅಂಥ ದೇಶದಲ್ಲಿ ನೋವುಳ್ಳವರಿಗೆ ಬೇಕಾದ ಮಾರ್ಫೀನಿನಲ್ಲಿ ದೊರೆಯುತ್ತಿದ್ದುದು ಶೇಕಡಾ 4ರಷ್ಟು ಎಂದು 2017ರ ಲ್ಯಾನ್ಸೆಟ್ ಆಯೋಗ ಲೆಕ್ಕ ಹಾಕಿತು. ನೂರು ಕೊಳಗ ಕೊಡಬೇಕಾದಲ್ಲಿ ನಾಲ್ಕು ಕೊಳಗ!

ಕಾರಣ ಏನು? 1985ರ ಕಾಯಿದೆಯ ಭಯ. ಒಂದು ಡಬ್ಬಿ ಮಾರ್ಫೀನ್ ತರಿಸಲು ಹಲವು ಇಲಾಖೆಗಳ ಪರವಾನಗಿ ಬೇಕಾಗಿತ್ತು. ಲೆಕ್ಕದಲ್ಲಿ ತಪ್ಪಾದರೆ ಸಜೆ. ಆಸ್ಪತ್ರೆಗಳು ಈ ಗೋಜೇ ಬೇಡವೆಂದು ತರಿಸುವುದನ್ನೇ ಬಿಟ್ಟವು. ಹೊಸದಾಗಿ ಓದಿ ಬಂದ ವೈದ್ಯರು ಅದನ್ನು ಕೊಟ್ಟು ನೋಡಿದವರೇ ಅಲ್ಲ. ತಪ್ಪು ಅರಿವಾಗಿ ಪಾರ್ಲಿಮೆಂಟು 2014ರಲ್ಲಿ ಕಾಯಿದೆ ತಿದ್ದಿತು. ಮಾರ್ಫೀನ್ ಮುಂತಾದವು ಅತ್ಯಗತ್ಯ ಔಷಧಿಗಳೆಂದೂ, ಮಾನ್ಯತೆ ಪಡೆದ ಆಸ್ಪತ್ರೆಗೆ ರಾಜ್ಯದ ಔಷಧಿ ನಿಯಂತ್ರಕರೊಬ್ಬರ ಅಪ್ಪಣೆ ಸಾಕೆಂದೂ ಆಯಿತು. ಕರ್ನಾಟಕ ಸರ್ಕಾರ 2016ರಲ್ಲಿ, ಗುಣವಾಗದ ರೋಗಿಗಳ ನೋವು ಕಳೆಯುವ ಉಪಶಾಮಕ ಚಿಕಿತ್ಸೆಗೆಂದು ನೀತಿಯನ್ನೂ ಹೊರಡಿಸಿತು. ಕಾಗದ ಬೆಂಗಳೂರಿನಲ್ಲಿದೆ. ನೋವು ಹೊಸನಗರದಲ್ಲಿದೆ. ಎರಡರ ನಡುವೆ ಮುನ್ನೂರು ಕಿಲೋಮೀಟರಿಗೂ ಮೀರಿದ ರಸ್ತೆ ಇದೆ.

ಪಕ್ಕದ ಕೇರಳವನ್ನು ನೋಡಿ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರು ಆರಂಭಿಸಿದ ಕೆಲಸವನ್ನು ಊರಿನವರೇ ಕೈಗೆತ್ತಿಕೊಂಡರು. 2008ರಲ್ಲಿ ಅಲ್ಲಿನ ಸರ್ಕಾರ ಅದನ್ನು ನೀತಿಯಾಗಿ ಒಪ್ಪಿತು. ಪಂಚಾಯಿತಿಯ ಕಡೆಯಿಂದ ನರ್ಸಮ್ಮ ಹಾಸಿಗೆ ಹಿಡಿದವನ ಮನೆಗೇ ಬರುತ್ತಾರೆ. ಕೇರಳದಲ್ಲಿ ಆಗುವುದು ಘಟ್ಟದ ಮೇಲೆ ಏಕೆ ಆಗಬಾರದು?

ಹಣವಿಲ್ಲ, ಸಾಗಿಸುವ ವ್ಯವಸ್ಥೆಯಿಲ್ಲ ಎನ್ನುತ್ತೀರೋ? ರಾಜ್ಯ ಸರ್ಕಾರದ್ದೇ ಆದ ಎಂ.ಎಸ್.ಐ.ಎಲ್. ಕಂಪನಿ ತಾಲ್ಲೂಕು ತಾಲ್ಲೂಕುಗಳಲ್ಲಿ ಮದ್ಯದಂಗಡಿ ನಡೆಸುತ್ತಿದೆ. ಸೀಸೆ ಸೀಸೆಗೂ ಲೆಕ್ಕವುಂಟು, ದಾಸ್ತಾನುಂಟು, ಲಾರಿಯುಂಟು. ಕಾಡಿನಂಚಿನ ಹಳ್ಳಿಗೂ ತಪ್ಪದೆ ಬಾಟಲಿ ಮುಟ್ಟಿಸಬಲ್ಲ ಸರ್ಕಾರ, ಮೂರು ತಾಲ್ಲೂಕು ಆಸ್ಪತ್ರೆಗೆ ಮೂರು ಡಬ್ಬಿ ಮಾತ್ರೆ ಮುಟ್ಟಿಸಲಾರದೆಂದರೆ ನಂಬುವುದು ಹೇಗೆ?

ಮಾರ್ಫೀನ್ ಕೊಟ್ಟರೆ ಚಟ ಹತ್ತುತ್ತದೆ, ಪುಂಡರ ಕೈಗೆ ಸಿಗುತ್ತದೆ ಎನ್ನುವವರಿದ್ದಾರೆ. ಈ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ನಮ್ಮ ಕಾರ್ಮಿಕ ಕೇರಿಗಳ ಹುಡುಗರು ಗಾಂಜಾ ಸೇದಿ ಕೆಡುತ್ತಿರುವುದನ್ನು ನಾವೂ ಕಂಡಿದ್ದೇವೆ. ಹರೆಯದ ಮಿದುಳಿಗೆ ಅದು ಒಳ್ಳೆಯದಲ್ಲ. ಆದರೆ ವೈದ್ಯರು ಅಳತೆ ನೋಡಿ, ಲೆಕ್ಕ ಬರೆದು ಕೊಡುವ ಮಾತ್ರೆಗೂ ಬಸ್ ಸ್ಟ್ಯಾಂಡಿನ ಹಿಂದೆ ಮಾರುವ ಪೊಟ್ಟಣಕ್ಕೂ ವ್ಯತ್ಯಾಸ ಕಾಣದವರು ಯಾರು? ಕಳ್ಳ ಬರುತ್ತಾನೆಂದು ಮನೆಯವರಿಗೇ ಬಾಗಿಲು ಹಾಕುವುದು ಜಾಣತನವಲ್ಲ.

ಸಾಗರ ತಾಲ್ಲೂಕಿನ ಆನಂದಪುರದ ಹತ್ತಿರ ನರಸೀಪುರವೆಂಬ ಹಳ್ಳಿಯಿದೆ. ಅಲ್ಲಿನ ವೈದ್ಯ ನಾರಾಯಣಮೂರ್ತಿಯವರು 2020ರಲ್ಲಿ ತೀರಿಕೊಳ್ಳುವವರೆಗೆ, ಅವರು ಕೊಡುತ್ತಿದ್ದ ಮರದ ಚಕ್ಕೆಗಾಗಿ ದೇಶದ ಮೂಲೆಮೂಲೆಯಿಂದ ಕ್ಯಾನ್ಸರ್ ರೋಗಿಗಳ ಕಡೆಯವರು ಬಂದು ರಾತ್ರಿಯಿಂದಲೇ ಸಾಲು ನಿಲ್ಲುತ್ತಿದ್ದರು. ಅಷ್ಟು ಜನ ನಿಂತರೆಂಬುದು ಆ ಚಕ್ಕೆಯ ಗುಣಕ್ಕೆ ಸಾಕ್ಷಿಯಾಗದು. ಆದರೆ ಇನ್ನೊಂದಕ್ಕೆ ಅದು ಬಲವಾದ ಸಾಕ್ಷಿ: ದೊಡ್ಡ ಆಸ್ಪತ್ರೆ ಕೈಬಿಟ್ಟ ಮೇಲೆ ಬಡವನಿಗೆ ಹೋಗಲು ಬೇರೆ ಬಾಗಿಲಿರಲಿಲ್ಲ. ಆ ಸಾಲನ್ನು ನೋಡಿ ನಕ್ಕ ವಿದ್ಯಾವಂತರಿದ್ದಾರೆ. ಅದನ್ನು ನೋಡಿ ನಾಚಬೇಕಾದವರು ವಿಧಾನಸೌಧದಲ್ಲಿದ್ದರು.

ಆ ತಾಯಿಗೆ ನಾವು ಕೊಟ್ಟ ಉತ್ತರವನ್ನೇ ಎಲ್ಲರಿಗೂ ಕೊಡುತ್ತೇವೆ. ಹೆಸರಿಲ್ಲದ ಸೀಸೆ ಕೊಳ್ಳಬೇಡಿ, ಗಿಡ ಹಾಕಬೇಡಿ. ಹತ್ತಿರದ ಸರ್ಕಾರಿ ವೈದ್ಯರ ಎದುರು ನಿಂತು, ನೋವಿಗೆ ಮಾರ್ಫೀನ್ ಬೇಕೆಂದು ಹೆಸರು ಹಿಡಿದು ಕೇಳಿ. ಇಲ್ಲವೆಂದರೆ ಎಲ್ಲಿ ಸಿಗುತ್ತದೆಂದು ಬರೆದು ಕೊಡುವಂತೆ ಕೇಳಿ. ಮಾತ್ರೆ ಶುರುವಾದರೆ ಮಲ ಕಟ್ಟುತ್ತದೆ, ಅದಕ್ಕೂ ಔಷಧಿ ಜೊತೆಗೇ ಪಡೆಯಿರಿ. ನರದ ಉರಿಗೆ ಅಮಿಟ್ರಿಪ್ಟಿಲಿನ್, ವಾಂತಿಗೆ ಆಂಡಾನ್ಸೆಟ್ರಾನ್, ಮೂರ್ಛೆಗೆ ಫಿನೋಬಾರ್ಬಿಟೋನ್, ವಾಲ್ಪ್ರೋಯೇಟ್ ಮುಂತಾದ ಮಾತ್ರೆಗಳಿವೆ. ವೈದ್ಯರು ನೋಡಿ ಕೊಡುತ್ತಾರೆ. ಮಗುವಿನ ಮೂರ್ಛೆ ಮಾತ್ರೆಯನ್ನು ಎಣ್ಣೆ ಸಿಕ್ಕಿತೆಂದು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಬಂದೀತು. ಭಂಗಿಯ ಔಷಧಿ ಕೊಳ್ಳಲೇಬೇಕೆಂದಿದ್ದರೆ ಪರವಾನಗಿಯ ಸಂಖ್ಯೆ ನೋಡಿ, ವೈದ್ಯರ ಚೀಟಿಯಿಂದಲೇ ಕೊಳ್ಳಿ, ನುಂಗುತ್ತಿರುವ ಬೇರೆ ಮಾತ್ರೆಗಳನ್ನು ಅವರಿಗೆ ತೋರಿಸಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ಮೂರು. ಒಂದು, ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾರ್ಫೀನ್ ಮಾತ್ರೆಯೂ, ಅದನ್ನು ಕೊಡಲು ತರಬೇತಾದ ವೈದ್ಯರೂ ಇರಬೇಕು, ಇದೆಯೋ ಇಲ್ಲವೋ ಎಂಬುದನ್ನು ಬಾಗಿಲಲ್ಲಿ ಹಲಗೆ ಹಾಕಿ ತಿಳಿಸಬೇಕು. ಎರಡು, ಔಷಧಿಗಾಗಿ ಈ ಗಿಡ ಬೆಳೆಯಲು ಅಪ್ಪಣೆ ಕೊಡುವ ಅಧಿಕಾರ ಕಾಯಿದೆಯ 10ನೇ ಕಲಮಿನಲ್ಲಿ ರಾಜ್ಯಕ್ಕಿದೆ. ಹಿಮಾಚಲ ಪ್ರದೇಶದ ವಿಧಾನಸಭೆ 2024ರಲ್ಲಿ ಆ ದಾರಿಗೆ ನಿರ್ಣಯ ಮಾಡಿತು. ನಮ್ಮ ಸಭೆಯೂ ಚರ್ಚಿಸಲಿ. ಬೆಳೆಯುವುದಾದರೆ ಸಣ್ಣ ರೈತರ ಸಹಕಾರ ಸಂಘ ಬೆಳೆಯಲಿ, ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗಲಿ. ಕಂಪನಿಗಳಿಗೆ ಗುತ್ತಿಗೆ ಕೊಡುವ ಆಟ ನಮಗೆ ಬೇಡ. ಮೂರು, ನೋವಿಗೆಂದು ಒಂದಿಷ್ಟು ಇಟ್ಟುಕೊಂಡ ರೋಗಿಯನ್ನೂ ಅವನ ಮನೆಯವರನ್ನೂ ವ್ಯಾಪಾರಿಯ ಸಾಲಿನಲ್ಲಿ ನಿಲ್ಲಿಸಬಾರದು.

ಗಿರಣಿಯ ಸಂಘದವರು, ಮಂಡಿಯ ಹಮಾಲರು, ಪೇಟೆಯ ವರ್ತಕ ಮಿತ್ರರು ಈ ಬೇಡಿಕೆಗೆ ಸಹಿ ಹಾಕಿ ನಿಮ್ಮ ತಾಲ್ಲೂಕು ವೈದ್ಯಾಧಿಕಾರಿಗಳ ಕೈಗೆ ಕೊಡಿ. ಕ್ಯಾನ್ಸರ್ ಧಣಿಯ ಮನೆ, ಕೂಲಿಯ ಮನೆ ಎಂದು ನೋಡಿ ಬರುವುದಿಲ್ಲ. ನೋವು ಎಲ್ಲರನ್ನೂ ಒಂದೇ ಕೊಳಗದಲ್ಲಿ ಅಳೆಯುತ್ತದೆ. ಔಷಧಿಯೂ ಹಾಗೆಯೇ ಅಳೆಯಲಿ.