ಮೀನು ಬಂದ ತಾರೀಕನ್ನೂ ಬರೆಯಿರಿ

ಅಕ್ವೇರಿಯಂ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ನಾನು ಕೇಳುವುದು, ‘ಈ ಮೀನು ಬಂದು ಎಷ್ಟು ದಿನ ಆಯ್ತು?’ ಎಂದು. ‘ನಿನ್ನೆ ಬಂದಿದ್ದು ಸರ್, ಫ್ರೆಶ್ ಸ್ಟಾಕ್’ ಎಂದು ಅಂಗಡಿಯವರು ಹೆಮ್ಮೆಯಿಂದಲೇ ಹೇಳುತ್ತಾರೆ. ಸೊಪ್ಪಿಗಾದರೆ ಅದು ಒಳ್ಳೆಯ ಮಾತು. ಮೀನಿಗೆ ಅದೇ ಅಪಾಯದ ಮಾತು.

ಬೆಂಗಳೂರಿಗೆ ಬರುವ ಅಲಂಕಾರಿಕ ಮೀನುಗಳಲ್ಲಿ ಎಷ್ಟೋ ಚೆನ್ನೈನ ಕೊಳತ್ತೂರು ಮಾರುಕಟ್ಟೆಯಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಪ್ರಯಾಣ ಮಾಡಿ ಬಂದಿರುತ್ತವೆ. ದಣಿದ ಮೀನಿಗೆ ರೋಗ ತಡೆಯುವ ಶಕ್ತಿ ಕುಗ್ಗಿರುತ್ತದೆ. ಮೈಯಲ್ಲಿ ಅಡಗಿರುವ ರೋಗ ಹೊರಗೆ ಕಾಣಿಸಲು ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಅದು ನಮ್ಮ ಟ್ಯಾಂಕ್ ಸೇರಿ ಹಳೆಯ ಮೀನುಗಳಿಗೂ ಅಂಟಿಸಿಯಾಗಿರುತ್ತದೆ.

ಹೆಚ್ಚಾಗಿ ಕಾಡುವುದು ಬಿಳಿ ಚುಕ್ಕೆ ರೋಗ. ಮೊದಲು ಮೀನು ಕಲ್ಲಿಗೋ ಗಿಡಕ್ಕೋ ಮೈ ಉಜ್ಜುತ್ತದೆ, ರೆಕ್ಕೆ ಮುದುಡಿಕೊಂಡು ಮೂಲೆ ಹಿಡಿಯುತ್ತದೆ. ಆಮೇಲೆ ಬಾಲದ ಮೇಲೆ ಸಣ್ಣ ರವೆಯಷ್ಟು ಬಿಳಿ ಚುಕ್ಕೆ. ಒಳಗಿರುವ ಪರಾವಲಂಬಿಗೆ ಅದು ಚರ್ಮದಡಿ ಇರುವಷ್ಟು ದಿನ ಔಷಧಿ ತಾಗದು. ಕಳಚಿಕೊಂಡು ತಳಕ್ಕೆ ಬಿದ್ದು, ನೂರಾರಾಗಿ ಒಡೆದು, ಇನ್ನೊಂದು ಮೀನನ್ನು ಹುಡುಕುತ್ತ ಈಜುವಾಗಲೇ ಅದು ಸಾಯುವುದು. ಚುಕ್ಕೆ ಮಾಯವಾಯಿತೆಂದು ಔಷಧಿ ನಿಲ್ಲಿಸಿದರೆ ರೋಗ ಮತ್ತೆ ಬರುವುದು ಇದಕ್ಕೇ.

ಹಾಗಾಗಿ ಹೊಸ ಮೀನನ್ನು ಮೂರು ವಾರವಾದರೂ ಬೇರೆ ಇಡಲೇಬೇಕು. ಮುಚ್ಚಳದಲ್ಲಿ ತೂತು ಮಾಡಿದ 20 ಲೀಟರಿನ ಪ್ಲಾಸ್ಟಿಕ್ ಡಬ್ಬ, ಏರ್ ಪಂಪು, ಸ್ಪಾಂಜ್ ಫಿಲ್ಟರ್ ಸಾಕು. ಆ ಸ್ಪಾಂಜನ್ನು ಕೆಲವು ವಾರ ಮೊದಲೇ ಹಳೆಯ ಟ್ಯಾಂಕಿನಲ್ಲಿಟ್ಟು, ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಬೆಳೆಸಿಕೊಂಡಿರಬೇಕು. ಬಲೆ ಬೇರೆಯದೇ ಇರಲಿ. ಕಾವೇರಿ ನೀರಾದರೆ ಆಂಟಿ-ಕ್ಲೋರಿನ್ ಮರೆಯಬೇಡಿ. ಗಡಸಾದ ಬೋರ್‌ವೆಲ್ ನೀರಿಗೆ ಗಪ್ಪಿ, ಮೋಲಿ ಒಗ್ಗುತ್ತವೆ. ನಿಯಾನ್ ಟೆಟ್ರಾಗೆ ಕಷ್ಟ.

ಚೀಲ ಬಿಚ್ಚುವುದರಲ್ಲೂ ಒಂದು ಸೂಕ್ಷ್ಮವಿದೆ. ಕಟ್ಟಿದ ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಬಿಟ್ಟರೆ ಎರಡೂ ನೀರಿನ ಉಷ್ಣತೆ ಹೊಂದಿಕೊಳ್ಳುತ್ತದೆ. ದೂರದಿಂದ ತಂದ ಚೀಲವಾದರೆ ಬಿಚ್ಚಿದ ಮೇಲೆ ತಡಮಾಡಬಾರದು. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋದಂತೆ ನೀರಿನ ಪಿಎಚ್ ಏರುತ್ತದೆ, ಅಷ್ಟು ಹೊತ್ತು ಹೆಚ್ಚು ಕೆಡುಕು ಮಾಡದಿದ್ದ ಅಮೋನಿಯಾ ವಿಷವಾಗುತ್ತದೆ. ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಟ್ಟು, ಚೀಲದ ನೀರನ್ನು ಹೊರಗೆ ಚೆಲ್ಲಿ.

ಇಷ್ಟೆಲ್ಲ ಹೊಣೆಯನ್ನು ಕೊಳ್ಳುವವನ ತಲೆಗೇ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಅಂಗಡಿಯ ಪ್ರತಿ ಟ್ಯಾಂಕಿನ ಗಾಜಿನ ಮೇಲೆ ಬೆಲೆಯಿದೆ. ಅದರ ಪಕ್ಕದಲ್ಲೇ ಮೀನು ಬಂದ ತಾರೀಕನ್ನೂ ಮಾರ್ಕರಿನಲ್ಲಿ ಬರೆಯಲಿ, ಮೊದಲ ವಾರ ಮಾರದಿರಲಿ. ಬಾಡಿಗೆ, ಜಾಗ, ಸಾಯುವ ಮೀನಿನ ನಷ್ಟ ಎಲ್ಲ ಅವರಿಗಿದೆ, ನಿಜ. ಆದರೆ ಅದೇ ನಷ್ಟ ಈಗ ಚೀಲದಲ್ಲಿ ಕೂತು ಗಿರಾಕಿಯ ಮನೆಗೆ ಹೋಗುತ್ತಿದೆ. ಅಲ್ಲಿ ವರ್ಷಗಟ್ಟಲೆ ಸಾಕಿದ ಮೀನುಗಳೂ ಅದರ ಜೊತೆ ಹೋಗುತ್ತವೆ. ಒಂದು ವಾರ ಕಾಯ್ದಿಟ್ಟ ಮೀನಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಲು ನಾನು ಸಿದ್ಧ.

ಈಗಲೂ ಮೀನು ಇಷ್ಟವಾದರೆ ಮುಂಗಡ ಕೊಟ್ಟು, ‘ಇಲ್ಲೇ ಇರಲಿ, ಮುಂದಿನ ಭಾನುವಾರ ಬರ್ತೀನಿ’ ಎನ್ನುತ್ತೇನೆ. ಹೋದಾಗ ಎದುರಿಗೇ ಒಂದು ಚಿಟಿಕೆ ಆಹಾರ ಹಾಕಿಸಿ, ನುಗ್ಗಿ ಬಂದು ತಿಂದ ಮೀನನ್ನೇ ಕಟ್ಟಿಸಿಕೊಳ್ಳುತ್ತೇನೆ. ಸಣ್ಣ ಟ್ಯಾಂಕಿಗೆ ಒಂದು ಸಲಕ್ಕೆ ಎರಡೋ ಮೂರೋ ಸಾಕು.