ಹಸುವಿಗೆ ವಿಮೆ, ಮನೆಯಾಕೆಗೆ?

ಸಾಲ ತೆಗೆದು ಹಸು ಕೊಂಡವರಿಗೆ ಗೊತ್ತು, ವಿಮೆ ಮಾಡಿಸದೆ ಬ್ಯಾಂಕಿನವರು ಬಿಡುವುದಿಲ್ಲ. ಹಸುವಿನ ಕಿವಿಗೆ ಓಲೆ ಬೀಳುತ್ತದೆ. ಎರಡು ಹೊತ್ತೂ ಅದರ ಹಾಲು ಕರೆಯುವಾಕೆಗೆ ವಿಮೆ ಉಂಟೇ ಎಂದು ಕೇಳಿ ನೋಡಿ. ‘ಅವಳಿಗೇನಾಗಿದೆ, ಗಟ್ಟಿಮುಟ್ಟಾಗಿದ್ದಾಳಲ್ಲ’ ಎನ್ನುತ್ತಾರೆ. ಮುಂದೊಂದು ದಿನ ಆಕೆಗೆ ಗರ್ಭಕೋಶದ ಶಸ್ತ್ರಚಿಕಿತ್ಸೆ ಎಂದಾಗ ಅದೇ ಹಸುವನ್ನು ಮಾರಿ ಬಿಲ್ಲು ಕಟ್ಟಿದ ಮನೆಗಳು ನಿಮ್ಮೂರಲ್ಲೂ ಇದ್ದಾವು.

ವಿಮೆಯನ್ನು ಗಟ್ಟಿಮುಟ್ಟಾಗಿರುವಾಗಲೇ ಮಾಡಿಸಬೇಕು. ಏಕೆಂಬುದಕ್ಕೆ ನಮ್ಮ ರಾಜ್ಯದ ಯಶಸ್ವಿನಿ ಯೋಜನೆಯೇ ಸಾಕ್ಷಿ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ ರೂಪುಗೊಂಡು 2003ರಲ್ಲಿ ಸಹಕಾರ ಸಂಘಗಳ ಮೂಲಕ ಜಾರಿಗೆ ಬಂದಾಗ ಸದಸ್ಯರ ವಂತಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದೇ ರೂಪಾಯಿ. ಬಲವಂತವಿರಲಿಲ್ಲ. ಆದರೂ ಮೊದಲ ವರ್ಷವೇ ಸುಮಾರು 16 ಲಕ್ಷ, ಮರುವರ್ಷ 20 ಲಕ್ಷ ಜನ ಸೇರಿದರು. ಮೂರನೆಯ ವರ್ಷ ವಂತಿಗೆ 120 ಆಯಿತು. ಸದಸ್ಯರ ಸಂಖ್ಯೆ 15 ಲಕ್ಷದೊಳಕ್ಕೆ ಇಳಿಯಿತು.

ವಂತಿಗೆ ಏರಿದಾಗ ಮೊದಲು ಕೈಬಿಡುವವರು ಸಾಮಾನ್ಯವಾಗಿ ಆರೋಗ್ಯವಂತರು. ಮೂತ್ರಪಿಂಡದಲ್ಲಿ ಕಲ್ಲಿರುವವರು, ಹರ್ನಿಯಾ ಇರುವವರು ಹೇಗಾದರೂ ಹಣ ಹೊಂದಿಸಿ ಕಟ್ಟುತ್ತಾರೆ. ಆಗ ನಿಧಿಗೆ ಬರುವುದು ಕಡಿಮೆ, ಹೋಗುವುದು ಹೆಚ್ಚು. ಸರಿದೂಗಿಸಲು ಮತ್ತೆ ವಂತಿಗೆ ಏರಿಸಬೇಕು, ಏರಿಸಿದರೆ ಇನ್ನಷ್ಟು ಆರೋಗ್ಯವಂತರು ಹೊರಗೆ. ಇಷ್ಟವಿದ್ದವರು ಮಾತ್ರ ಸೇರುವ ವಿಮೆಗೆ ಅಂಟಿಕೊಂಡ ರೋಗವಿದು. ಜಾಹೀರಾತಿನಿಂದ ವಾಸಿಯಾಗುವಂಥದಲ್ಲ.

ಕಾಯಿಲೆಯವರ ಹೆಸರನ್ನಷ್ಟೇ ಬರೆಸದೆ ಇಡೀ ಕುಟುಂಬವನ್ನು ಸೇರಿಸಿಕೊಳ್ಳುವುದೇ ಇದಕ್ಕೆ ಮದ್ದು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡಿದ್ದ ಯಶಸ್ವಿನಿಗೆ 2022ರಲ್ಲಿ ಮತ್ತೆ ಜೀವ ಬಂದಾಗ ಹೀಗೇ ಮಾಡಿದರು. ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ 500 ರೂಪಾಯಿ ಗೊತ್ತುಮಾಡಿ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದರು. ಸರಿಯಾದ ದಾರಿ.

ಆದರೆ 500 ರೂಪಾಯಿಯನ್ನು ಒಮ್ಮೆಗೇ, ಅದೂ ಕೈ ಬರಿದಾಗಿರುವ ತಿಂಗಳಲ್ಲಿ ಕೇಳಿದರೆ ಎಷ್ಟೋ ಮನೆಯವರು ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಹಾಲಿನ ಡೈರಿಯ ಬಟವಾಡೆಯಲ್ಲಿ ವಾರಕ್ಕೆ ಹತ್ತು ರೂಪಾಯಿ ಹಿಡಿದುಕೊಂಡರೆ ವರ್ಷಕ್ಕೆ 520 ಆಗುತ್ತದೆ. ಪಶುಆಹಾರದ ಬಾಕಿಯನ್ನು ಹಾಗೆ ಮುರಿದುಕೊಳ್ಳುವ ರೂಢಿ ಡೈರಿಗಳಿಗೆ ಇದ್ದೇ ಇದೆ. ನಿಮ್ಮೂರ ಸಂಘದ ಮುಂದಿನ ಸಭೆಯಲ್ಲಿ ಕಾರ್ಯದರ್ಶಿಯವರ ಮುಂದೆ ಈ ಮಾತನ್ನೆತ್ತಿ. ಸಭೆಗೆ ಮನೆಯಾಕೆಯನ್ನೂ ಕರೆದುಕೊಂಡು ಹೋಗಿ.