ಆ ಬಾಟಲಿಗೆ ‘ಎನರ್ಜಿ’ ಅಂತ ಯಾಕ ಅನಬೇಕು?

1/7
ದೋಸ್ತ್ರೇ, ಇದು ಸ್ವಲ್ಪ ಉದ್ದ ಅದ. ಸೇವ್ ಮಾಡಿಟ್ಟು ಬಸ್ಸಿನಾಗ ಓದ್ರಿ.
ಆಳಂದ, ಅಫಜಲಪುರ, ಜೇವರ್ಗಿ, ಯಾವ ಕಡೆಯಿಂದ ಕಲಬುರಗಿ ಬಸ್ ಹತ್ತಿದ್ರೂ ಸೀನ್ ಒಂದೇ. ಬ್ಯಾಗಿನಾಗ ಅವ್ವ ಕಟ್ಟಿಕೊಟ್ಟ ರೊಟ್ಟಿ ಡಬ್ಬಿ, ಕೈಯಾಗ ಎನರ್ಜಿ ಡ್ರಿಂಕ್. ಡಬ್ಬಿ ತೆಗೀಲಿಕ್ಕೆ ನಾಚಿಕೆ, ಬಾಟಲಿ ಹಿಡಿದು ಸ್ಟೋರಿ ಹಾಕಲಿಕ್ಕೆ ಹೆಮ್ಮೆ. ನಾನೂ ಹಂಗೇ ಇದ್ದೆ.

2/7
ಹೋದ ಸೆಮಿಸ್ಟರ್ ಅಕೌಂಟ್ಸ್ ಪೇಪರ್ ದಿನ. ರಾತ್ರಿಯೆಲ್ಲ ನಿದ್ದಿಗೆಟ್ಟು, ನಾಷ್ಟಾ ಬಿಟ್ಟು, ಒಂದು ಬಾಟಲಿ ಕುಡಿದು ಹೋದೆ. ಕೈ ನಡುಗ್ತಿತ್ತು. ಒಂದೇ ಕಾಲಂ ಮೂರು ಸಲ ಕೂಡಿಸಿದ್ರ ಮೂರು ಉತ್ತರ ಬಂದ್ವು.
ಸಂಜಿಗಿ ಮನೀಗೆ ಬಂದ್ರ ಒಂಬತ್ತನೇ ಕ್ಲಾಸಿನ ನನ್ನ ತಮ್ಮನ ಕೈಯಾಗೂ ಅದೇ ಬಾಟಲಿ. “ನೀ ಕುಡೀತಿಯಲ್ಲ, ಶಕ್ತಿ ಬರ್ತದಂತ” ಅಂದ. ಅವತ್ತೇ ಸೈನ್ಸ್ ಓದೂ ದೋಸ್ತನ ಹತ್ರ ಬಯಾಲಜಿ ಪುಸ್ತಕ ಇಸ್ಕೊಂಡೆ.

3/7
ಕಾಮರ್ಸ್ ಭಾಷೆಯಾಗ ಹೇಳ್ತೀನಿ. ಜೀವಕೋಶದ ಪೆಟ್ಟಿ ಕ್ಯಾಶ್ ಹೆಸರು ಎಟಿಪಿ. ಅದಕ್ಕ ಮೂರು ಫಾಸ್ಫೇಟ್ ಇರ್ತಾವ. ನೀರಿನ ಜೊತಿ ಕ್ರಿಯೆ ನಡೆದು ಒಂದು ಫಾಸ್ಫೇಟ್ ಕಳಚಿದಾಗ ಶಕ್ತಿ ಬಿಡುಗಡೆ ಆಗ್ತದ. ಪೆನ್ ಹಿಡಿಯೂದು, ಎದೆ ಬಡಿಯೂದು ಎಲ್ಲಾ ಅದರಿಂದನೇ. ಉಳಿದದ್ದು ಎಡಿಪಿ. ಊಟದ ಶಕ್ತಿ ಅದನ್ನ ಮತ್ತ ಎಟಿಪಿ ಮಾಡ್ತದ. ಇಂಪ್ರೆಸ್ಟ್ ಸಿಸ್ಟಂ ನೆನಪಾತೇನು?
ಲಿವರ್‌ನಾಗ ಸುಮಾರು 100 ಗ್ರಾಂ, ಸ್ನಾಯುಗಳಾಗ ಸುಮಾರು 400 ಗ್ರಾಂ ಗ್ಲೈಕೋಜನ್ ಇರ್ತದ. ಅದು ಕರೆಂಟ್ ಅಕೌಂಟ್. ಕೊಬ್ಬು ಫಿಕ್ಸೆಡ್ ಡೆಪಾಸಿಟ್.
1929ರಲ್ಲಿ ಎಟಿಪಿ ಕಂಡುಹಿಡಿದವರಾಗ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಹಾರ್ವರ್ಡ್‌ನಲ್ಲಿ ಫಿಸ್ಕ್ ಅವರ ಜೊತಿ ಕೆಲಸ ಮಾಡ್ತಿದ್ರು. ಅದೇ ವರ್ಷ ಜರ್ಮನಿಯ ಲೋಮನ್ ಬ್ಯಾರೇನೇ ಕಂಡುಹಿಡಿದ್ರು.

4/7
ಈಗ ಬಾಟಲಿ ವಿಚಾರಕ್ಕ ಬರೂಣು. ಎಟಿಪಿಯ ‘ಎ’ ಅಂದ್ರ ಅಡಿನೋಸಿನ್. ಎಚ್ಚರ ಇದ್ದು ಎಟಿಪಿ ಖರ್ಚಾದಂಗ ಮಿದುಳಿನಾಗ ಅಡಿನೋಸಿನ್ ಸೇರ್ತಾ ಹೋಗ್ತದ. “ಖರ್ಚು ಭಾಳ ಆತು, ಮಲಕೋ” ಅನ್ನೂ ನೋಟಿಸ್ ಅದು. ಕೆಫೀನ್ ಆ ನೋಟಿಸ್ ಮುಟ್ಟೂ ಜಾಗಾ ಹಿಡಕೊಂಡು ಕೂಡ್ತದ. ಅಕೌಂಟಿಗೆ ಒಂದು ಪೈಸಾ ಜಮಾ ಮಾಡೂದಿಲ್ಲ.
ಸಕ್ಕರೆ ಇಲ್ಲದ ಎನರ್ಜಿ ಡ್ರಿಂಕ್ ಲೇಬಲ್ ತಿರುಗಿಸಿ ನೋಡ್ರಿ. ಕ್ಯಾಲರಿ ಹೆಚ್ಚುಕಮ್ಮಿ ಸೊನ್ನೆ. ಬ್ಯಾಲೆನ್ಸ್ ನಿಲ್, ಹೆಸರು ಎನರ್ಜಿ!

5/7
“ಸಕ್ಕರೆ ಇರೂದರಾಗ ಶಕ್ತಿ ಅದಲ್ಲ?” ಅಂತೀರಿ. ಖರೇ, ಅದ. 1 ಗ್ರಾಂ ಸಕ್ಕರೆಗೆ 4 ಕಿಲೋಕ್ಯಾಲರಿ. ಆದ್ರ ಸಕ್ಕರೆ ಬೇಕಂದ್ರ ಆಳಂದದ ಭೂಸನೂರ, ಅಫಜಲಪುರದ ಹವಳಗಾ, ಎರಡೂ ಕಡೆ ಫ್ಯಾಕ್ಟರಿ ಅವ. ಕಬ್ಬು ಬೆಳದು, ಕಡದು, ಟ್ರ್ಯಾಕ್ಟರ್ ತುಂಬಿ ಕಳಿಸೂ ನಮಗೇ ನೀರಿನಾಗ ಸಕ್ಕರೆ ಕದಡಿ ‘ಎನರ್ಜಿ’ ಅಂತ ಮಾರ್ತಾರ!
“ಹಂಗಾದ್ರ ಚಹಾ?” ಅದರಾಗೂ ಕೆಫೀನ್ ಅದ, ನಾನೂ ಕುಡೀತೀನಿ. ಆದ್ರ ನಮ್ಮ ಬಸ್ ಸ್ಟ್ಯಾಂಡಿನ ಚಹಾದ ಕಾಕಾ ಯಾವತ್ತೂ ಅದಕ್ಕ ಎನರ್ಜಿ ಅಂದಿಲ್ಲ.

6/7
ಇನ್ನ ಡಬ್ಬಿ. ಜೋಳದಾಗಿನ ಪಿಷ್ಟ ಅಂದ್ರ ಗ್ಲೂಕೋಸಿನ ಉದ್ದನೆಯ ಸರಪಳಿ. ಹಿಂಗಾರಿ ಬಿಸಿಲು ಕುಡಿದು ಜೋಳ ಕೂಡಿಟ್ಟ ಗಂಟು ಅದು. ಸಕ್ಕರೆ ನೀರಿನಂಗ ಒಮ್ಮೆಲೇ ಏರೂದಿಲ್ಲ, ನಿಧಾನಕ್ಕ ಬಿಚ್ಚಿಕೊಳ್ತದ. ಆಮ್ಲಜನಕ ಸಿಕ್ರ ಒಂದು ಗ್ಲೂಕೋಸಿನಿಂದ ಸುಮಾರು 30 ಎಟಿಪಿ ಆಗ್ತಾವ. ಸುಮ್ಮನೆ ಕುಂತಾಗಲೂ ಮೈಯ ಶಕ್ತಿಯ ಸುಮಾರು 20% ಮಿದುಳಿಗೇ ಬೇಕು. ಪರೀಕ್ಷೆ ಹಾಲಿನಾಗ ಕುಂತಿರೂದು ಅದೇ ಮಿದುಳು. ಜೊತಿಗೆ ತೊಗರಿ ಬ್ಯಾಳಿ ಇದ್ರ ಪ್ರೋಟೀನ್ ಕೂಡ ಬಂತು. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕದ. ನಾಚಿಕೆ ಎದಕ್ಕ?

7/7
ಎನರ್ಜಿ ಡ್ರಿಂಕ್ ಮಕ್ಕಳಿಗೆ ಸೂಕ್ತ ಅಲ್ಲ ಅಂತ ಬಾಟಲಿ ಮ್ಯಾಲೇ ಸಣ್ಣ ಅಕ್ಷರದಾಗ ಬರೀತಾರ. ಹಂಗಿದ್ರೂ ಸಾಲಿ ಗೇಟಿನ ಮುಂದಿನ ಅಂಗಡಿಯಾಗ ಅದನ್ನೇ ಎದುರಿಗೆ ಜೋಡಿಸಿರ್ತಾರ. ಅಂಗಡಿಯವರಿಗೆ ನಾವೇ ಕೇಳೂಣು: “ಅಣ್ಣಾ, ಸಣ್ಣ ಹುಡುಗರಿಗೆ ಇದನ್ನ ಕೊಡಬ್ಯಾಡ್ರಿ.” ಮೊದಲು ನಮ್ಮ ಕೈಯಿಂದ ಬಿಡೂಣು. ತಮ್ಮಂದಿರು ನಮ್ಮನ್ನ ನೋಡೇ ಕಲೀತಾರ.
ಸೋಮವಾರ ನಾಷ್ಟಾ ಮಾಡಿ ಬರ್ರಿ, ಆಗಲಿಲ್ಲಂದ್ರ ಬಸ್ಸಿನಾಗೇ ಡಬ್ಬಿ ತೆಗೀರಿ. ಅವ್ವ ಮುಂಜಾನಿ ನಾಕೂವರಿಗೆ ಎದ್ದು ಬಡಿದ ರೊಟ್ಟಿ ಅದ. ಶೇಂಗಾ ಹಿಂಡಿ ನನ್ನ ಹತ್ರ ಅದ, ಕೇಳ್ರಿ, ಕೊಡ್ತೀನಿ. ಅದರ ಫೋಟೋ ಸ್ಟೋರಿಗೆ ಹಾಕ್ರಿ, ನನಗ ಟ್ಯಾಗ್ ಮಾಡ್ರಿ.

#ರೊಟ್ಟಿಡಬ್ಬಿ #ಜೇವರ್ಗಿ #ಅಫಜಲಪುರ #ಆಳಂದ